ಡೆತ್ ವ್ಯಾಲಿಯಲ್ಲಿ ಸಂಡಿಗೆ

ಆಂಟಿಯನ್ನು ನಾನು ಮೊದಲು ಕಂಡಾಗ ಅವರು ಒಂದು ಸಂಡಿಗೆ ಪ್ಯಾಕೆಟ್ಟಿಗೆ ಬೈಯುತ್ತಿದ್ದರು.

ಅದು ಡೆಟ್ರಾಯಿಟಿನ ಹೊರವಲಯದ ಒಂದು ಇಂಡಿಯನ್ ಅಂಗಡಿ. ಬೇಳೆ, ಅಗರಬತ್ತಿ, ಬಾಡಿಗೆ ಕ್ಯಾಸೆಟ್ಟು ಎಲ್ಲದರ ವಾಸನೆಯೂ ಒಂದರೊಳಗೊಂದು ಕಲೆತುಹೋದ ಇಕ್ಕಟ್ಟಿನ ಸಾಲು. ದಪ್ಪ ಚಳಿಕೋಟು ಹಾಕಿ ತಲೆಗೆ ಬೂದು ಬಣ್ಣದ ಸ್ಕಾರ್ಫ್ ಕಟ್ಟಿದ್ದ, ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಪ್ಯಾಕೆಟ್ಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಥೂ, ಇದೇನ್ ಸಂಡಗಿಯೋ ಗುಂಡಿಯೋ! ಅಂಗಿಗೆ ಹಚ್ಚಿ ಹೊಲೀಬೇಕ ಇದನ್ನ" ಅಂದರು.

ನಾನು ತಡೆಯಲಾರದೆ ನಕ್ಕುಬಿಟ್ಟೆ. ಅವರು ಸರಕ್ಕನೆ ತಿರುಗಿದರು.

"ನೀ ಕನ್ನಡದಾಕಿ ಏನವಾ?"

"ಹೌದು ಆಂಟಿ. ಮೈಸೂರು."

"ಮೈಸೂರಾ? ಅದಕ್ಕ ನಗೂದೂ ಇಷ್ಟು ಸಣ್ಣಗ ನಗ್ತಿ. ನಾವು ಬಿಜಾಪುರದವ್ರು. ಸಂಡಗಿ ಮಾಡಾಕ ಬರತೈತೇನು?"

ಬರುವುದಿಲ್ಲ ಎಂದೆ. ಅವರಿಗೆ ನನ್ನ ಮೇಲೆ ಕನಿಕರ ಹುಟ್ಟಿತು. ಆ ಕನಿಕರದಲ್ಲೇ ನಮ್ಮ ಸ್ನೇಹ ಶುರುವಾಯಿತು.

ನಾವು ಡೆಟ್ರಾಯಿಟಿನ ಪಕ್ಕದ ವಿಕ್ಸಮ್‌ಗೆ ಬಂದು ಆಗ ವರ್ಷವೂ ತುಂಬಿರಲಿಲ್ಲ. ಗಂಡನಿಗೆ ಕಂಪ್ಯೂಟರ್ ಕೆಲಸ, ಅದಕ್ಕೊಂದು ವೀಸಾ. ಆ ವೀಸಾದ ಬಾಲ ಹಿಡಿದು ಬಂದ ಇನ್ನೊಂದು ವೀಸಾ ನನ್ನದು. ಅದರಲ್ಲಿ ಉಸಿರಾಡಬಹುದು, ಕೆಲಸ ಮಾಡುವಂತಿಲ್ಲ. ಮೈಸೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು ಇಲ್ಲಿ ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ನಿಂತು, ಪಾರ್ಕಿಂಗ್ ಲಾಟಿನ ಹಿಮವನ್ನು ಈ ಮೂಲೆಯಿಂದ ಆ ಮೂಲೆಗೆ ತಳ್ಳುವ ಗಾಡಿಯನ್ನು ನೋಡುತ್ತಿದ್ದೆ. ಆ ಗಾಡಿಗಾದರೂ ಒಂದು ಕೆಲಸವಿದೆಯಲ್ಲ ಎಂದು ಹೊಟ್ಟೆಕಿಚ್ಚಾಗುತ್ತಿತ್ತು.

ಆಂಟಿಯ ಮನೆ ನಮ್ಮ ಅಪಾರ್ಟ್‌ಮೆಂಟಿನಿಂದ ಎರಡು ಮೈಲಿ. ಅಂಕಲ್‌ಗೆ ವಿಕ್ಸಮ್‌ನಲ್ಲೇ ಒಂದು ಸಣ್ಣ ವರ್ಕ್‌ಶಾಪು ಇತ್ತು. ಕಾರಿನ ಬಿಡಿಭಾಗಗಳಿಗೆ ಬಣ್ಣದ ಪುಡಿ ಸಿಂಪಡಿಸಿ, ಆಳೆತ್ತರದ ಒಲೆಯಲ್ಲಿ ಕಾಯಿಸಿ ತೆಗೆಯುವ ಕೆಲಸ. ಮಕ್ಕಳಿಬ್ಬರೂ ಮದುವೆಯಾಗಿ ವೆಸ್ಟ್ ಬ್ಲೂಮ್‌ಫೀಲ್ಡ್‌ನ ದೊಡ್ಡ ಮನೆಗಳಲ್ಲಿದ್ದರು. ಇಪ್ಪತ್ತು ವರ್ಷಗಳಿಂದ ಅಮೆರಿಕದಲ್ಲಿದ್ದ ಆಂಟಿಗೆ ಈ ದೇಶದ ಮೇಲೆ ಇದ್ದದ್ದು ಒಂದೇ ದೂರು: ಇಲ್ಲಿ ಸಂಡಿಗೆ ಒಣಗುವುದಿಲ್ಲ.

ಪ್ರಯತ್ನ ಪಡದೆ ಹೇಳುವ ಮಾತಾಗಿರಲಿಲ್ಲ ಅದು. ಹಿತ್ತಿಲ ಡೆಕ್ಕಿನ ಮೇಲೆ ಹಾಕಿದರೆ ಅಳಿಲು ತಿಂದವು. ಬೇಸಿಗೆಯ ಸೆಕೆಯಲ್ಲಿ ಕಿಟಕಿಯ ಬಳಿ ಹಾಕಿದರೆ ಮೂರನೆಯ ದಿನ ಹಸಿರು ಬೂಸ್ಟು. ಫ್ಯಾನಿನ ಕೆಳಗೆ ಹಾಕಿದರೆ ಮೇಲೆ ಒಣಗಿ ಒಳಗೆ ಹಸಿ. ಕೊನೆಗೆ ಒಂದು ಭಾನುವಾರ ಅಂಕಲ್ ವರ್ಕ್‌ಶಾಪಿನ ಆ ಬಣ್ಣದ ಒಲೆಯನ್ನೇ ಹದವಾಗಿ ಹೊತ್ತಿಸಿ, ತಟ್ಟೆಗಟ್ಟಲೆ ಸಂಡಿಗೆ ಒಳಗಿಟ್ಟು ಬಾಗಿಲು ಹಾಕಿದರು. ಚೆನ್ನಾಗಿಯೇ ಒಣಗಿತಂತೆ. ಕರಿದಾಗ ಅರಳಿತಂತೆ ಕೂಡ.

"ಮತ್ತೇನಾಯ್ತು ಆಂಟಿ?"

"ಏನಾಗೂದೈತಿ? ಬಾಯಾಗ ಇಟ್ರ ಹೊಸಾ ಕಾರಿನ ವಾಸ್ನಿ! ನಮ್ಮ ಸಾಹೇಬ್ರು ಎರಡು ತಿಂದು, ಛಲೋ ಆಗ್ಯಾವ, ಮೂರನೇದ್ದು ತಿಂದ್ರ ನಾ ತುಕ್ಕು ಹಿಡ್ಯೂದಿಲ್ಲ ನೋಡು ಅಂದ್ರು."

ಇಷ್ಟಾದರೂ ಅವರು ಸೋತಿರಲಿಲ್ಲ. ಎರಡು ಸಾವಿರದ ಮೂರರ ಬೇಸಿಗೆಯ ಆರಂಭದಲ್ಲಿ ಅವರ ಮನೆಯಲ್ಲಿ ಊಟ ಮುಗಿಸಿ ನಾನು, ನನ್ನ ಗಂಡ ಟಿವಿಯ ಮುಂದೆ ಕೂತಿದ್ದೆವು. ಹವಾಮಾನದ ಹುಡುಗಿ ದೇಶದ ನಕ್ಷೆಯ ಮೇಲೆ ಕೈಯಾಡಿಸುತ್ತಾ, ಕ್ಯಾಲಿಫೋರ್ನಿಯಾದ ಒಂದು ಮೂಲೆಯನ್ನು ತೋರಿಸಿ, ಇಡೀ ದೇಶದಲ್ಲಿ ಅತಿ ಹೆಚ್ಚು ಬಿಸಿಲು ಇಲ್ಲೇ, ನೂರಾ ಹದಿನೈದು ಡಿಗ್ರಿ ಫ್ಯಾರನ್‌ಹೀಟ್ ಅಂದಳು. ಅಡುಗೆಮನೆಯಲ್ಲಿದ್ದ ಆಂಟಿ ಸೌಟು ಹಿಡಿದುಕೊಂಡೇ ಬಂದರು.

"ಯಾ ಊರಪಾ ಅದು?"

"ಡೆತ್ ವ್ಯಾಲಿ ಆಂಟಿ. ನ್ಯಾಷನಲ್ ಪಾರ್ಕ್. ಮರುಭೂಮಿ" ಅಂದ ನನ್ನ ಗಂಡ. ಅವನ ದನಿ ತಂತಾನೇ ತಗ್ಗಿತು. ಬೆಟ್ಟ, ಬಂಡೆ, ಜಲಪಾತಗಳ ಹೆಸರು ಹೇಳುವಾಗೆಲ್ಲ ಅವನು ದೇವಸ್ಥಾನದಲ್ಲಿ ಮಾತಾಡುವ ಹಾಗೆ ಮಾತಾಡುತ್ತಿದ್ದ. ಅವನು ಪಾರ್ಕ್ ಭಕ್ತ. ಟ್ರೈಪಾಡು, ಮೂರು ಲೆನ್ಸು, ಹದಿನಾಲ್ಕು ಜೇಬಿನ ಒಂದು ಅಂಗಿ ಇಟ್ಟುಕೊಂಡಿದ್ದ. ನನಗೆ ಪ್ರಕೃತಿಯ ಮೇಲೆ ದ್ವೇಷವೇನಿಲ್ಲ. ಆದರೆ ಅದನ್ನು ನೋಡಲು ಬೆಳಗಿನ ಜಾವ ಎದ್ದು, ಇನ್ನೊಬ್ಬರ ಟ್ರೈಪಾಡಿನ ಪಕ್ಕ ಜಾಗ ಹಿಡಿಯುವುದೆಂದರೆ ಮೈಯುರಿ.

"ಅಲ್ಲಿ ಗಾಳಿ ಹೆಂಗಿರತೈತಿ? ಒಣಾ ಗಾಳಿ ಏನು?"

"ತುಂಬಾ ಡ್ರೈ ಆಂಟಿ. ವರ್ಷಕ್ಕೆ ಎರಡು ಇಂಚೂ ಮಳೆ ಬರಲ್ಲ."

ಆಂಟಿ ಸೌಟನ್ನು ಟೀಪಾಯಿಯ ಮೇಲೆ ಇಟ್ಟು ಸೋಫಾದ ಮೇಲೆ ಕುಸಿದರು. ಬಹಳ ವರ್ಷ ಹುಡುಕಿದ ನಂಟರ ವಿಳಾಸ ಸಿಕ್ಕವರ ಮುಖವಾಗಿತ್ತು ಅದು.

"ಹೋಗೂಣು" ಅಂದರು.

ನನ್ನ ಗಂಡ ವಿವರಿಸಿದ. ಅಲ್ಲಿಗೆ ಹೋಗುವುದು ಮಾರ್ಚಿನಲ್ಲಿ, ಜುಲೈನಲ್ಲಿ ಹೋಗುವವರು ಹುಚ್ಚರು, ಇಲ್ಲವೇ ಹೊಸ ಕಾರನ್ನು ಬಿಸಿಲಿನಲ್ಲಿ ಪರೀಕ್ಷೆ ಮಾಡುವ ಇಂಜಿನಿಯರುಗಳು ಎಂದ. ಮಾರ್ಚಿನ ಬಿಸಿಲಲ್ಲಿ ಸಂಡಿಗೆ ಆಗುತ್ತದೆಯೇ ಎಂದು ಆಂಟಿ ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಅಲ್ಲಿಗೆ ವಾದ ಮುಗಿಯಿತು. ಮುಂದಿನ ಎರಡು ವಾರ ಆಂಟಿ ಅವನಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಬಿರಿಯಾನಿ ಸರದಿಯಂತೆ ಬಡಿಸಿದರು. ಬೇಸಿಗೆಯಲ್ಲಿ ಮರಳದಿಬ್ಬಗಳ ಮೇಲೆ ಹೆಜ್ಜೆಗುರುತೇ ಇರುವುದಿಲ್ಲ, ಫೋಟೋಗೆ ಬಹಳ ಒಳ್ಳೆಯದು ಎಂದು ಅವನೇ ನನಗೆ ಹೇಳತೊಡಗಿದ. ಅಂಕಲ್ ಮಾತ್ರ ಬರಲಿಲ್ಲ. "ನಾ ದಿನಾ ಒಲಿ ಮುಂದ ನಿಂತಿರ್ತೇನಿ. ರಜಾ ಹಾಕಿ ಇನ್ನೊಂದು ಒಲ್ಯಾಗ ಯಾಕ ಹೋಗ್ಲಿ?" ಅಂದರು.

ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ರಜೆಗೆ ಹೊರಟೆವು. ಆಂಟಿಯ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಅಕ್ಕಿಹಿಟ್ಟು ಜಾಸ್ತಿ ಇತ್ತು. ಜೊತೆಗೆ ಕರೆಂಟಿನ ಒಲೆ, ದಪ್ಪ ತಳದ ಪಾತ್ರೆ, ಅರೆದು ಡಬ್ಬಿಗೆ ತುಂಬಿದ ಹಸಿಮೆಣಸಿನಕಾಯಿ, ಜೀರಿಗೆ, ಮೂರು ಹಳೆಯ ಬೆಡ್‌ಶೀಟು, ಅಂಕಲ್ ವರ್ಕ್‌ಶಾಪಿನಿಂದ ತಂದುಕೊಟ್ಟ ನೀಲಿ ಟಾರ್ಪಾಲು. ಅಂಚೆಯಲ್ಲಿ ವಿಷದ ಪುಡಿ ಬಂದ ಸುದ್ದಿ ಇನ್ನೂ ಹಸಿಯಾಗಿದ್ದ ಆ ದಿನಗಳಲ್ಲಿ ಏರ್‌ಪೋರ್ಟುಗಳಲ್ಲಿ ಬಿಳಿ ಪುಡಿ ಕಂಡರೆ ಜನ ಬೆಚ್ಚಿಬೀಳುತ್ತಿದ್ದರು. ಸ್ಕಾರ್ಫ್ ಕಟ್ಟಿದ ಹೆಂಗಸಿನ ಸೂಟ್‌ಕೇಸಿನಲ್ಲಿ ಚೀಲಗಟ್ಟಲೆ ಬಿಳಿ ಪುಡಿ! ನನ್ನ ಗಂಡ ಎರಡು ಸಲ ಬಾತ್‌ರೂಮಿಗೆ ಹೋಗಿಬಂದ.

ತಪಾಸಣೆಯವರು ಆಂಟಿಯನ್ನು ಪಕ್ಕಕ್ಕೆ ಕರೆದರು. ಅವರು ಶೂ ಬಿಚ್ಚಿ, ಕೈ ಅಗಲಿಸಿ ನಿಂತು ನನ್ನತ್ತ ತಿರುಗಿ, "ಎಷ್ಟ ಮಂದಿ ಇದ್ರೂ ಲಾಟ್ರಿ ನನಗ ಹೊಡೀತೈತಿ ನೋಡು" ಅಂದರು. ನಗುತ್ತಲೇ ಅಂದರೂ ಶೂ ಮತ್ತೆ ಹಾಕುವಾಗ ಎಡಗಾಲಿನದನ್ನು ಬಲಗಾಲಿಗೆ ಹಾಕಿಕೊಂಡರು. ಹಿಟ್ಟಿನ ಚೀಲವನ್ನು ಬಿಚ್ಚಿ ನೋಡಿದ ದಢೂತಿ ಅಧಿಕಾರಿ ಇದೇನೆಂದು ಕೇಳಿದ. "ರೈಸ್. ಫಾರ್ ಮೇಕಿಂಗ್ ಚಿಪ್ಸ್. ಇನ್ ಡೆತ್ ವ್ಯಾಲಿ" ಅಂದರು ಆಂಟಿ. ಅವನು ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿದ. ಇಂಥ ಸುಳ್ಳನ್ನು ಯಾರೂ ಹೇಳಲಾರರು ಅನ್ನಿಸಿರಬೇಕು. ಚೀಲದ ಬಾಯಿ ಕಟ್ಟಿಕೊಟ್ಟ.

ಲಾಸ್ ವೇಗಸ್‌ನಲ್ಲಿ ಇಳಿದು ಬಾಡಿಗೆಯ ಬಿಳಿ ವ್ಯಾನು ಹತ್ತಿದೆವು. ಜೂಜಿನ ಊರು ಹಿಂದೆ ಸರಿದು, ಪೊದೆ ಹೋಗಿ ಕಲ್ಲು ಬಂತು, ಕಲ್ಲು ಹೋಗಿ ಬರೀ ನೆಲ ಉಳಿಯಿತು. ನನ್ನ ಗಂಡ ಮೊದಲೇ ನಕ್ಷೆಯನ್ನು ನನ್ನ ಕೈಗೆ ಕೊಟ್ಟಿದ್ದ. ನಾನು ಹೆಸರುಗಳನ್ನು ಓದುತ್ತಾ, ಹಿಂದಿನ ಸೀಟಿನಲ್ಲಿದ್ದ ಆಂಟಿಗೆ ಕನ್ನಡ ಮಾಡಿ ಹೇಳುತ್ತಾ ಹೋದೆ. ಶವಯಾತ್ರೆಯ ಬೆಟ್ಟಗಳು. ಶವಪೆಟ್ಟಿಗೆ ಶಿಖರ. ಕುಲುಮೆ ಹಳ್ಳ. ನರಕದ ಬಾಗಿಲು. ಕೆಟ್ಟ ನೀರು. ಸೈತಾನನ ಗಾಲ್ಫ್ ಮೈದಾನ.

"ಯಾಂವ ಇಟ್ಟ ಈ ಹೆಸರು? ಅವಂಗ ಹೊಟ್ಟಿ ಕಟ್ಟಿತ್ತೇನು?"

"ಚಿನ್ನ ಹುಡುಕ್ಕೊಂಡು ಹೊರಟವರು ದಾರಿ ತಪ್ಪಿ ಇಲ್ಲಿ ಸಿಕ್ಕಿಹಾಕಿಕೊಂಡಿದ್ರಂತೆ ಆಂಟಿ."

"ಚಿನ್ನಾ ಸಿಗಲಿಲ್ಲಂತ ಊರಿಗೆಲ್ಲಾ ಬೈದು ಹೋಗ್ಯಾರ. ಮಂದಿ ಎಲ್ಲಾ ಕಡೆ ಒಂದ."

ಕಣಿವೆಗೆ ಇಳಿಯುವಾಗ ಬೆಟ್ಟಗಳು ಒಂದೊಂದೂ ಒಂದೊಂದು ಬಣ್ಣಕ್ಕೆ ತಿರುಗಿದವು. ಒಂದು ಕಡೆ ಅರಿಶಿನ, ಒಂದು ಕಡೆ ಮಾಸಲು ಗುಲಾಬಿ, ನಡುವೆ ತಾಮ್ರದ ಕಿಲುಬಿನಂಥ ಹಸಿರು. ಸೀರೆ ಅಂಗಡಿಯವನು ಒಂದೂ ಮಡಚದೆ ಎದ್ದುಹೋದ ಹಾಗಿತ್ತು. ಕೆಳಗೆ ದೂರದಲ್ಲಿ ಬೆಳ್ಳಗೆ ಕೆರೆಯಂತೆ ಹೊಳೆಯುತ್ತಿದ್ದದ್ದು ಕೆರೆಯಲ್ಲ, ಉಪ್ಪು. ನನ್ನ ಗಂಡ ವ್ಯಾನು ನಿಲ್ಲಿಸಿ ಮೌನವಾದ. ನಾನೂ ಮೌನವಾದೆ, ಆದರೆ ಅದು ಬಾಗಿಲು ತೆರೆದ ಕೂಡಲೇ ಮುಖಕ್ಕೆ ಬಡಿದ ಗಾಳಿಯಿಂದ. ತಂದೂರಿ ಒಲೆಯೊಳಗೆ ತಲೆ ತೂರಿಸಿದ ಹಾಗಾಯಿತು. ಕಣ್ಣಿನ ತೇವ ಆರಿ ರೆಪ್ಪೆ ಅಂಟಿಕೊಂಡವು. ಬೆವರು ಬರುವ ಮೊದಲೇ ಒಣಗಿ, ತೋಳಿನ ಮೇಲೆ ಉಪ್ಪಿನ ಪುಡಿ ಉಳಿಯಿತು.

ಆಂಟಿ ವ್ಯಾನಿನಿಂದ ಇಳಿದು, ಸ್ಕಾರ್ಫನ್ನು ಸ್ವಲ್ಪ ಸಡಿಲಿಸಿ, ಮುಖವನ್ನು ಬಿಸಿಲಿಗೆ ಒಡ್ಡಿ ಕಣ್ಣು ಮುಚ್ಚಿದರು. "ಹಾಂ" ಅಂದರು. "ಇದು ಬಿಸಲು."

ನಮ್ಮ ವಸತಿ ಮರಳದಿಬ್ಬಗಳ ಸಮೀಪದ ಒಂದು ಮೋಟೆಲು. ಅಲ್ಲಿದ್ದದ್ದು ಅದು, ಒಂದು ಪೆಟ್ರೋಲು ಬಂಕು, ಒಂದು ಅಂಗಡಿ, ಅಷ್ಟೇ. ಮರುದಿನ ಬೆಳಕು ಹರಿಯುವ ಮೊದಲೇ ಆಂಟಿ ಎದ್ದು, ಬಾತ್‌ರೂಮಿನ ಕಟ್ಟೆಯ ಮೇಲೆ ಒಲೆ ಹೂಡಿ ಹಿಟ್ಟು ಕುದಿಸತೊಡಗಿದರು. ನಾನು ತೊಳಸುತ್ತಿದ್ದೆ. ಗಂಟಾದರೆ ಬೈಗುಳ. ಹಬೆ ತುಂಬಿ ಛಾವಣಿಯ ಹೊಗೆಗಂಟೆ ಕಿರುಚಿಕೊಂಡಿತು. ನನ್ನ ಗಂಡ ಮಂಚದ ಮೇಲೆ ನಿಂತು ಪಾರ್ಕಿನ ನಕ್ಷೆಯಿಂದ ಅದಕ್ಕೆ ಗಾಳಿ ಬೀಸಿ ಸಮಾಧಾನ ಮಾಡಿದ. ಮೆಣಸಿನಕಾಯಿಯ ಘಾಟಿಗೆ ಪಕ್ಕದ ರೂಮಿನಲ್ಲಿ ಯಾರೋ ಸಾಲಾಗಿ ಸೀನಿದರು. ಮಿಕ್ಕ ತಳದ ಹಿಟ್ಟಿಗೆ ನೀರು, ಉಪ್ಪು ಹಾಕಿ ಗಂಜಿ ಮಾಡಿ ಆಂಟಿ ಫ್ಲಾಸ್ಕಿಗೆ ತುಂಬಿಕೊಂಡರು.

ದಿಬ್ಬಗಳ ಎದುರು ರಸ್ತೆ ಬದಿಯಲ್ಲಿ ವ್ಯಾನು ನಿಲ್ಲಿಸಿದಾಗ ಸೂರ್ಯ ಇನ್ನೂ ಬೆಟ್ಟದ ಹಿಂದಿದ್ದ. ಗಂಡ ಟ್ರೈಪಾಡು ಹೆಗಲಿಗೇರಿಸಿ, "ಎಂಟು ಗಂಟೆ ಒಳಗೆ ಬಂದ್ಬಿಡ್ತೀನಿ ಕಣೇ" ಎಂದು ಮರಳಿನಲ್ಲಿ ಮರೆಯಾದ. ನಾವಿಬ್ಬರೂ ಗರಸುಮಣ್ಣಿನ ಮೇಲೆ ಟಾರ್ಪಾಲು ಹಾಸಿ, ಅದರ ಮೇಲೆ ಒದ್ದೆ ಬೆಡ್‌ಶೀಟು ಹರಡಿ, ಮೂಲೆಗಳಿಗೆ ಕಲ್ಲಿಟ್ಟೆವು. ಆಂಟಿ ಸ್ಟೂಲಿನ ಮೇಲೆ ಕೂತು ಚಮಚದಿಂದ ಹಿಟ್ಟು ಬಿಡತೊಡಗಿದರು. ಪ್ರತಿಯೊಂದೂ ಒಂದೇ ಅಳತೆ, ಒಂದೇ ದುಂಡಗೆ. ನನ್ನವು ನಕ್ಷೆಯಲ್ಲಿರುವ ದ್ವೀಪಗಳಂತಿದ್ದವು. ಮೂರನೆಯ ಶೀಟು ಮುಗಿಯುವ ಹೊತ್ತಿಗೆ ಮೊದಲ ಶೀಟಿನ ಅಂಚುಗಳು ಆಗಲೇ ಮೇಲೆದ್ದಿದ್ದವು. ಆಂಟಿ ಒಂದನ್ನು ಉಗುರಿನಿಂದ ತಟ್ಟಿ ನನ್ನತ್ತ ನೋಡಿದರು. ಅವರ ಕಣ್ಣಲ್ಲಿ ನೀರಿತ್ತೋ ಬಿಸಿಲಿತ್ತೋ ಹೇಳಲಾರೆ.

ಆಗ ಕಾಗೆಗಳು ಬಂದವು. ಅವನ್ನು ಕಾಗೆ ಎಂದರೆ ನಮ್ಮೂರ ಕಾಗೆಗೆ ಅವಮಾನ. ಕೋಳಿಯಷ್ಟು ದಪ್ಪ, ಎಣ್ಣೆ ಹಚ್ಚಿದಷ್ಟು ಕಪ್ಪು. ಅವು ಹಾರಿ ಬರಲಿಲ್ಲ. ರಸ್ತೆ ದಾಟಿ ನಡೆದುಕೊಂಡು ಬಂದವು, ಸ್ವಲ್ಪ ಓಲಾಡುತ್ತಾ, ಬೀಗರ ಹಾಗೆ. ಆಂಟಿ ಎದ್ದು ಸ್ಕಾರ್ಫಿನ ತುದಿ ಬೀಸಿ, "ಹುಶ್, ಹಾಳಾದವ! ಇಲ್ಲೂ ಅದೀರೇನು?" ಎಂದು ಗದರಿಸಿದರು. ಅವು ಎರಡು ಹೆಜ್ಜೆ ಹಿಂದೆ ಸರಿದು ಕಾದು ನಿಂತವು.

ಕಾಗೆಗಳ ಹಿಂದೆಯೇ ಪಾರ್ಕಿನ ಟ್ರಕ್ಕು ಬಂತು. ಇಳಿದವಳು ಅಗಲ ಟೋಪಿಯ ರೇಂಜರ್, ಆಂಟಿಯಷ್ಟೇ ವಯಸ್ಸಿನವಳು, ಬಿಸಿಲಿಗೆ ಮುಖವೆಲ್ಲ ಸುಕ್ಕು. ಟಾರ್ಪಾಲಿನ ಸುತ್ತ ಒಂದು ಸುತ್ತು ಬಂದು, "ಮ್ಯಾಮ್, ವಾಟ್ ಈಸ್ ದಿಸ್?" ಎಂದಳು.

"ಸಂಡಗಿ" ಅಂದರು ಆಂಟಿ. ಅಷ್ಟು ಹೇಳಿದರೆ ಸಾಕು ಎಂಬ ಧ್ವನಿಯಲ್ಲಿ.

ನಾನು ವಿವರಿಸಿದೆ. ರೇಂಜರ್ ಕಾಗೆಗಳತ್ತ ನೋಡಿದಳು, ನಮ್ಮತ್ತ ನೋಡಿದಳು. ಪಾರ್ಕಿನಲ್ಲಿ ತಿನ್ನುವುದನ್ನು ಹೊರಗೆ ಬಿಟ್ಟುಹೋಗುವಂತಿಲ್ಲ, ಪ್ರಾಣಿಪಕ್ಷಿಗಳಿಗೆ ರೂಢಿಯಾಗುತ್ತದೆ ಎಂದಳು. ನಾನು ಅದನ್ನು ಆಂಟಿಗೆ ಹೇಳಿದೆ.

"ಬಿಟ್ಟು ಯಾರು ಹೋಗ್ತಾರಂತ ಹೇಳು ಅಕಿಗೆ. ನಾ ಇಲ್ಲೇ ಕುಂತಿರ್ತೇನಿ."

"ಇಲ್ಲೇ ಕೂತರೆ ಮಧ್ಯಾಹ್ನದ ಹೊತ್ತಿಗೆ ನೀವೇ ಒಣಗಿರುತ್ತೀರಿ" ಎಂದಳು ರೇಂಜರ್, ನಗದೆ. ಆಮೇಲೆ ಆಂಟಿಯ ಮುಖ ನೋಡಿ ಏನು ತಿಳಿಯಿತೋ, ಟ್ರಕ್ಕಿನಿಂದ ಎರಡು ದೊಡ್ಡ ಬಾಟಲಿ ನೀರು ತಂದಿಟ್ಟಳು. ಹತ್ತು ಗಂಟೆಗೆ ಎಲ್ಲ ಮಡಚಿಕೊಂಡು ಹೊರಡಬೇಕು, ಅಲ್ಲಿಯವರೆಗೆ ಒಬ್ಬರಾದರೂ ಕಾವಲಿರಬೇಕು, ತಾನು ಮತ್ತೆ ಬಂದು ನೋಡುತ್ತೇನೆ ಎಂದು ಹೇಳಿ ಹೋದಳು.

ಎಂಟಾಯಿತು, ಒಂಬತ್ತೂ ಆಯಿತು. ಗಂಡನ ಸುಳಿವಿಲ್ಲ. ದಿಬ್ಬಗಳ ನೆರಳೆಲ್ಲ ಅಳಿಸಿಹೋಗಿ, ಮರಳು ಬಿಳಿಚಿ ಕಣ್ಣಿಗೆ ಚುಚ್ಚುತ್ತಿತ್ತು. ನಾನು ವ್ಯಾನಿನ ಚೂರು ನೆರಳಿನಲ್ಲಿ ಕೂತು ಗಾಬರಿಪಡುತ್ತಿದ್ದೆ. ಮೊದಲು ಅವನನ್ನು ಕಂಡವರು ಆಂಟಿಯೇ.

"ಅಲ್ಲಿ ನೋಡು, ಅವನ ಹೌದಲ್ಲೋ? ಯಾಕ ಹಂಗ ಕುಡದವ್ರಂಗ ಬರಾಕತ್ತಾನ?"

ದೂರದ ದಿಬ್ಬದ ಇಳಿಜಾರಿನಲ್ಲಿ ಒಂದು ಕಪ್ಪು ಚುಕ್ಕೆ ಎಡಕ್ಕೆ ಬಂದು, ಬಲಕ್ಕೆ ಹೋಗಿ, ಕುಳಿತುಬಿಟ್ಟಿತು. ಆಂಟಿ ಫ್ಲಾಸ್ಕು ಎತ್ತಿಕೊಂಡು ಓಡಿದರು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದ ಆಂಟಿ ಮರಳಿನಲ್ಲಿ ಓಡಿದರು. ನಾನು ನೀರಿನ ಬಾಟಲಿ ಹಿಡಿದು ಹಿಂದೆ ಓಡಿದೆ. ಚಪ್ಪಲಿಯೊಳಗೆ ನುಗ್ಗಿದ ಮರಳು ಕೆಂಡದಂತಿತ್ತು.

ಅವನ ಮುಖ ಬೀಟ್‌ರೂಟಿನಂತಾಗಿತ್ತು. ನನ್ನನ್ನು ಗುರುತು ಹಿಡಿದು, "ಲೈಟ್ ತುಂಬಾ ಚೆನ್ನಾಗಿತ್ತು ಕಣೇ" ಎಂದ. ಆಮೇಲೆ ವಾಂತಿ ಮಾಡಿಕೊಂಡ. ಈ ಬಯಲಿನಲ್ಲಿ, ಈ ಹಾಳು ಹೆಸರಿನ ಊರಿನಲ್ಲಿ ಇವನಿಗೇನಾದರೂ ಆದರೆ ಎಂದು ಒಂದು ಕ್ಷಣ ಅನ್ನಿಸಿದ್ದು ಈಗಲೂ ನೆನಪಿದೆ. ಆ ಕ್ಷಣದಲ್ಲಿ ನನಗೆ ಯಾವ ತಮಾಷೆಯೂ ಹೊಳೆಯಲಿಲ್ಲ. ಆಂಟಿ ತಲೆಯ ಸ್ಕಾರ್ಫ್ ಬಿಚ್ಚಿ, ನೀರಿನಲ್ಲಿ ಅದ್ದಿ ಅವನ ತಲೆ, ಕುತ್ತಿಗೆಗೆ ಸುತ್ತಿದರು. ಇಪ್ಪತ್ತು ವರ್ಷದಲ್ಲಿ ಮನೆಯ ಹೊರಗೆ ಅವರ ತಲೆಗೂದಲನ್ನು ಕಂಡವರು ಆ ಮರಳದಿಬ್ಬಗಳೂ ನಾವೂ ಮಾತ್ರ ಇರಬೇಕು. ಗಂಜಿಯನ್ನು ಮುಚ್ಚಳಕ್ಕೆ ಬಗ್ಗಿಸಿ ಅವನ ತುಟಿಗೆ ಹಿಡಿದರು.

"ಸಾವಕಾಶ ಕುಡಿ ತಮ್ಮಾ. ಗುಟಕ್ ಗುಟಕ್."

ಅವನು ಒಂದು ಗುಟುಕು ನುಂಗಿ ಕಣ್ಣಗಲಿಸಿದ. "ಖಾರ ಆಂಟಿ!"

"ಖಾರ ತಿಳೀತಲ್ಲೋ? ಹಂಗಾರ ಜೀವ ಐತಿ ಬಿಡು."

ಇಬ್ಬರೂ ಎರಡು ಕಡೆಯಿಂದ ಹಿಡಿದು ಅವನನ್ನು ರಸ್ತೆಯವರೆಗೆ ತರುವಷ್ಟರಲ್ಲಿ ರೇಂಜರ್ ಟ್ರಕ್ಕು ಬಂತು. ಅವಳು ಮಾತಾಡದೆ ಅವನನ್ನು ಒಳಗೆ ಮಲಗಿಸಿ, ಕಂಕುಳಿಗೆ ಐಸಿನ ಚೀಲ ಇಟ್ಟು, ಎಸಿ ಪೂರ್ತಿ ತಿರುಗಿಸಿದಳು. ಏನು ಕುಡಿಸಿದಿರಿ ಎಂದು ಕೇಳಿ, ಅಕ್ಕಿ ಮತ್ತು ಉಪ್ಪು ಎಂದಾಗ ಒಳ್ಳೆಯದು ಎಂದಳು. ಮೆಣಸಿನಕಾಯಿಯ ವಿಷಯ ನಾವು ಎತ್ತಲಿಲ್ಲ. ನಾವೆಲ್ಲ ಆ ಟ್ರಕ್ಕಿನಲ್ಲೇ ಮೋಟೆಲಿಗೆ ಹೋದೆವು. ಅವನ ಜ್ವರದಂಥ ಕಾವು ಇಳಿದು, ಮೂತ್ರಕ್ಕೆ ಹೋಗಿಬಂದ ಮೇಲೆ ರೇಂಜರ್ ಇನ್ನು ಭಯವಿಲ್ಲ ಎಂದಳು. ಆಗ ಆಂಟಿ ಮೆಲ್ಲಗೆ, "ಸಂಡಗಿ" ಅಂದರು.

ರೇಂಜರ್ ನಮ್ಮಿಬ್ಬರನ್ನು ವಾಪಸು ಕರೆದುಕೊಂಡು ಹೋದಳು. ಟಾರ್ಪಾಲಿನ ಸುತ್ತ ಕಾಗೆಗಳು ಮದುವೆಯ ಪಂಕ್ತಿಯಲ್ಲಿ ಕೂತ ಹಾಗೆ ಸಾಲಾಗಿ ಕೂತು ಊಟ ಮಾಡುತ್ತಿದ್ದವು. ಎರಡು ಶೀಟು ಖಾಲಿ. "ಹಕ್ಕಿಗಳಿಗೆ ಖಾರ ತಿಳಿಯುವುದಿಲ್ಲ" ಎಂದಳು ರೇಂಜರ್, ತುಸು ವಿಷಾದದಿಂದ. ಮೂರನೆಯ ಶೀಟಿನ ಒಂದು ಕಡೆಯ ಕಲ್ಲು ಜಾರಿ, ಗಾಳಿಗೆ ಬಟ್ಟೆ ಮಡಚಿಕೊಂಡಿತ್ತು. ಆಂಟಿ ಅದನ್ನು ಬಿಡಿಸಿದರು. ಒಳಗೆ ಅಷ್ಟೂ ಸಂಡಿಗೆ ಇದ್ದವು. ಬೆಳ್ಳಗೆ, ಗರಿಗರಿ, ಎಲುಬಿನಷ್ಟು ಒಣಗಿ. ಆಂಟಿ ಒಂದು ಹಿಡಿ ಎತ್ತಿ ಮತ್ತೆ ಬಟ್ಟೆಯ ಮೇಲೆ ಸುರಿದರು. ಬಳೆ ಸುರಿದಂಥ ಸದ್ದಾಯಿತು. ಅವರು ಮತ್ತೆ ಮತ್ತೆ ಸುರಿದರು.

ನಿಯಮದ ಪ್ರಕಾರ ನಿಮ್ಮ ಮೇಲೆ ಕೇಸು ಹಾಕಬೇಕು ಎಂದು ರೇಂಜರ್ ಹೇಳಿದಳು. ಆದರೆ ಟಾರ್ಪಾಲಿನ ಇನ್ನೊಂದು ತುದಿ ಹಿಡಿದು ಮಡಚಲು ತಾನೇ ಕೈಜೋಡಿಸಿದಳು. ಅವಳ ಟ್ರಕ್ಕಿನ ಹಿಂದೆಯೇ ನಾನು ವ್ಯಾನನ್ನು ಮೋಟೆಲಿಗೆ ತಂದೆ.

ಗಂಡ ಸಂಜೆಯವರೆಗೂ ನಿದ್ದೆ ಮಾಡಿದ. ಬಿಸಿಲು ಇಳಿಯುವ ಹೊತ್ತಿಗೆ ಆಂಟಿ ನನ್ನ ಹತ್ತಿರ ಬಂದು, "ಅಂವಾ ಮಲಗ್ಲಿ. ಬಂದದ್ದು ಬಂದೀವಿ, ಆ ಕೆಟ್ಟ ನೀರು ನೋಡಿ ಬರೂಣು ನಡಿ" ಅಂದರು. ನಾನು ಲೈಸೆನ್ಸ್ ತೆಗೆದುಕೊಂಡು ಕೆಲವೇ ತಿಂಗಳಾಗಿತ್ತು. ವಿಕ್ಸಮ್‌ನಲ್ಲಿ ಎಡಕ್ಕೆ ತಿರುಗುವುದೆಂದರೆ ಎದೆ ಬಡಿದುಕೊಳ್ಳುತ್ತಿದ್ದವಳು, ಇಲ್ಲಿ ನಲವತ್ತು ಮೈಲಿ ಒಬ್ಬಳೇ ಡ್ರೈವ್ ಮಾಡಿದೆ. ಎದುರಿಗೆ ಒಂದು ವಾಹನವೂ ಬರಲಿಲ್ಲ. ಅದು ನನಗೆ ಆ ಪ್ರವಾಸದ ಅತಿ ಸುಂದರ ದೃಶ್ಯ.

ಬ್ಯಾಡ್‌ವಾಟರ್ ಎಂಬಲ್ಲಿ ಒಂದು ಅಂಗೈಯಗಲದ ಉಪ್ಪುನೀರಿನ ಹೊಂಡ, ಅದರಾಚೆ ಮೈಲಿಗಟ್ಟಲೆ ಉಪ್ಪಿನ ಬಯಲು. ಹಿಂದಿನ ಕಡಿದಾದ ಬೆಟ್ಟದಲ್ಲಿ ಬಹಳ ಎತ್ತರಕ್ಕೆ, ಕಡಲ ಮಟ್ಟ ಇಲ್ಲಿದೆ ಎಂದು ಒಂದು ಫಲಕ ಕಟ್ಟಿದ್ದರು.

"ಸಮುದ್ರಾ ಎಲ್ಲೈತಿ?"

"ಇಲ್ಲ ಆಂಟಿ. ಇದ್ದಿದ್ರೆ ಅಲ್ಲೀವರೆಗೂ ನೀರಿರ್ತಿತ್ತು, ನಾವು ಅಡಿಯಲ್ಲಿರ್ತಿದ್ವಿ."

"ಇಲ್ಲದ್ದಕ್ಕ ಬೋರ್ಡ್ ಬ್ಯಾರೆ" ಅಂದರು.

ಉಪ್ಪಿನ ಮೇಲೆ ನಡೆದೆವು. ನೆಲ ಷಟ್ಕೋನದ ಹಂಚು ಹಾಸಿದಂತೆ ಬಿರಿದಿತ್ತು. ಅಂಚುಗಳಲ್ಲಿ ಉಪ್ಪು ಉಬ್ಬಿ, ಕಾಲಿಟ್ಟರೆ ಕರಕರ ಮುರಿಯುತ್ತಿತ್ತು. ಎದುರಿನ ಬೆಟ್ಟಸಾಲಿನ ನೆರಳು ನೇರಳೆ ಬಣ್ಣಕ್ಕಿಳಿದು ಬಯಲಿನ ಮೇಲೆ ನಿಧಾನವಾಗಿ ನಮ್ಮತ್ತ ಬರುತ್ತಿತ್ತು. ಹಕ್ಕಿಯಿಲ್ಲ, ಹುಳುವಿಲ್ಲ, ಗಾಳಿಯೂ ನಿಂತಿತ್ತು. ಆಂಟಿ ಶೂ, ಸಾಕ್ಸು ಬಿಚ್ಚಿದರು. ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹಾಕಿ, ನಿಂತು, ಮೆಲ್ಲಗೆ ಕುಕ್ಕರಗಾಲಿನಲ್ಲಿ ಕುಳಿತರು. ಚಳಿಗೆ ಮೊಣಕಾಲು ಬಿಗಿದುಕೊಳ್ಳುತ್ತಿದ್ದರಿಂದ ನೆಲದ ಮೇಲೆ ಕೂರುವುದನ್ನು ಅವರು ಬಿಟ್ಟು ವರ್ಷಗಳಾಗಿದ್ದವು. ನಮಾಜನ್ನೂ ಕುರ್ಚಿಯ ಮೇಲೆಯೇ ಮಾಡುತ್ತಿದ್ದರು.

"ನೋಯ್ತಿಲ್ವಾ ಆಂಟಿ?"

"ಇಲ್ಲ ನೋಡು" ಅಂದರು, ಅವರಿಗೇ ಆಶ್ಚರ್ಯ. ಚೂರು ಉಪ್ಪು ಮುರಿದು ನಾಲಿಗೆಗೆ ಇಟ್ಟು ಮುಖ ಕಿವುಚಿದರು. ಉಳಿದ ಚೂರನ್ನು ಅಂಗೈಯಲ್ಲಿ ಪುಡಿ ಮಾಡುತ್ತಾ ಹೇಳಿದರು: "ಖರೇ ಹೇಳಲೇನು? ನನಗ ಸಂಡಗಿ ಅಂದ್ರ ಅಷ್ಟೇನೂ ಸೇರೂದಿಲ್ಲ."

"ಮತ್ತೆ ಯಾಕೆ ಆಂಟಿ ಇಷ್ಟೆಲ್ಲಾ?"

"ನಾ ಮದಿವ್ಯಾಗಿ ಬಂದಾಗ ಹದಿನೇಳು. ಮನೀ ತುಂಬ ಮಂದಿ. ಬ್ಯಾಸಗ್ಯಾಗ ಅತ್ತಿ ಸಂಡಗಿ ಹಾಕಿ, ಕಾಗಿ ಕಾಯಿ ಹೋಗು ಅಂತ ಮಾಳಿಗಿ ಮ್ಯಾಲ ಕಳಸ್ತಿದ್ರು. ಇಡೀ ದಿನಾ ಒಬ್ಬಾಕಿ. ಯಾರೂ ಕರ್ಯಾಂಗಿಲ್ಲ, ಯಾರೂ ಕೇಳಾಂಗಿಲ್ಲ. ಬಿಸಲು, ನಾನು." ಅಂಗೈಯ ಉಪ್ಪನ್ನು ಝಾಡಿಸಿದರು. "ಬಿಸಲಾಗ ಕುಂಡ್ರಾಕ ಒಂದು ಕೆಲಸ ಬೇಕಲ್ಲವಾ? ಸುಮ್ಮ ಕುಂತ್ರ ಮಂದಿ ಹುಚ್ಚಿ ಅಂತಾರ."

ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಸುಮ್ಮನೆ ನಿಂತು ಒಂದು ಚಳಿಗಾಲ ಕಳೆದಿದ್ದ ನನಗೆ ಇದು ಅರ್ಥವಾಗದ ಮಾತಾಗಿರಲಿಲ್ಲ. ನಾನೂ ಚಪ್ಪಲಿ ಬಿಚ್ಚಿ ಪಕ್ಕದಲ್ಲಿ ಕೂತೆ. ನೆಲ ಇನ್ನೂ ಬೆಚ್ಚಗಿತ್ತು. ನೆರಳು ನಮ್ಮನ್ನು ದಾಟಿ ಹೋಗುವವರೆಗೆ ಕೂತೇ ಇದ್ದೆವು. ಆಮೇಲೆ ಆಂಟಿ ಏಳಲು ನೋಡಿದರು, ಆಗಲಿಲ್ಲ. ಮೊಣಕಾಲು ಬಿಸಿಗೆ ಮಡಚಿಕೊಂಡಿತ್ತೇ ಹೊರತು ಬಿಚ್ಚುವ ಒಪ್ಪಂದ ಆಗಿರಲಿಲ್ಲ. ನಾನು ಕಂಕುಳಿಗೆ ಕೈಹಾಕಿ ಎತ್ತಿದೆ, ಕಾಲು ಜಾರಿತು, ಇಬ್ಬರೂ ಉಪ್ಪಿನ ಮೇಲೆ ಉರುಳಿದೆವು. ಕಡಲ ಮಟ್ಟದ ಕೆಳಗೆ ಬಿದ್ದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಈ ಸಲ ನಾನು ಸಣ್ಣಗೆ ನಗಲಿಲ್ಲ.

ವಿಕ್ಸಮ್‌ಗೆ ಬಂದ ಮೇಲೆ ಆಂಟಿ ಆ ಸಂಡಿಗೆ ಕರಿದರು. ವೆಸ್ಟ್ ಬ್ಲೂಮ್‌ಫೀಲ್ಡ್‌ನಿಂದ ಮಕ್ಕಳು, ಮೊಮ್ಮಕ್ಕಳು ಬಂದಿದ್ದರು. ಎಣ್ಣೆಗೆ ಬಿದ್ದ ಕೂಡಲೇ ಸಂಡಿಗೆ ಬಿಳಿ ಹೂವಿನ ಹಾಗೆ ಅರಳಿ ಬಾಣಲೆ ತುಂಬಿಕೊಂಡಿತು. ಎಲ್ಲರೂ ಬಾಯಿಗಿಟ್ಟರು. ಮೊದಲು ಗರಿಗರಿ, ಆಮೇಲೆ ಹಲ್ಲಿನ ನಡುವೆ ಸಣ್ಣಗೆ ಕಟಕಟ.

"ದಾದಿ, ದೇರ್ ಈಸ್ ಸ್ಯಾಂಡ್ ಇನ್ ಇಟ್" ಎಂದಳು ಮೊಮ್ಮಗಳು.

"ಅದು ನ್ಯಾಷನಲ್ ಪಾರ್ಕಿನ ಮಣ್ಣ. ಮನೀಗೆ ತರೂಹಂಗಿಲ್ಲ, ಲಗೂನ ನುಂಗು" ಅಂದರು ಆಂಟಿ.

ಅಂಕಲ್ ಒಂದಾದ ಮೇಲೊಂದು ತಿನ್ನುತ್ತಲೇ ಇದ್ದರು. ಎರಡು ಶೀಟು ಕಾಗೆ ಪಾಲಾದ ಕಥೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನ್ನ ಗಂಡ ಸ್ವಲ್ಪ ದಿನ ಆ ಹದಿನಾಲ್ಕು ಜೇಬಿನ ಅಂಗಿ ಹಾಕಲಿಲ್ಲ. ಆಮೇಲೆ ಹಾಕಿದ.

ಆ ಚಳಿಗಾಲಕ್ಕೆ ಅವನ ಕೆಲಸ ಶಿಕಾಗೋ ಕಡೆಗೆ ಬದಲಾಗಿ ನಾವು ಲೈಲ್ ಎಂಬ ಊರಿಗೆ ಹೋದೆವು. ಮುಂದಿನ ಜುಲೈನಲ್ಲಿ ಆಂಟಿ ಅಂಕಲ್‌ರನ್ನು ಎಳೆದುಕೊಂಡು ಮತ್ತೆ ಡೆತ್ ವ್ಯಾಲಿಗೆ ಹೋದರು. ತಿರುಗಿ ಬಂದ ಮೇಲೆ ಅಂಕಲ್ ನನಗೆ ಫೋನ್ ಮಾಡಿದರು.

"ಎಷ್ಟು ಸಂಡಿಗೆ ಆಯ್ತು ಅಂಕಲ್?"

"ಹಿಟ್ಟ ಒಯ್ದಿರಲಿಲ್ಲ ಬಿಡವಾ ಅಕಿ. ಒಂದು ಮಡಚೋ ಕುರ್ಚಿ ಒಯ್ದಿದ್ಲು. ಬಯಲಾಗ ಹಾಕ್ಕೊಂಡು ಸುಮ್ಮ ಕುಂತ್ಲು. ನಾ ಕಾರಿನ್ಯಾಗ ಎಸಿ ಹಚ್ಚಿಕೊಂಡು ಕುಂತಿದ್ದೆ. ನಡುವ ಒಮ್ಮೆ ಹಿಂದ ತಿರುಗಿ ಕೈ ಬೀಸಿದ್ಲು. ನಾನೂ ಬೀಸಿದೆ."